ಬೆರಳು ಆಡಿಸಿ, ನಿಲ್ಲಿಸಿ

ಎಂಆರ್‌ಐ ತಂತ್ರಜ್ಞೆಯಾಗಿ ನಾನು ಅತಿ ಹೆಚ್ಚು ಬಾರಿ ಹೇಳುವ ಮಾತು ‘ಅಲುಗಾಡಬೇಡಿ’. ಮಿದುಳಿನ ಯಾವ ಭಾಗ ಯಾವ ಕೆಲಸಕ್ಕೆ ದುಡಿಯುತ್ತದೆ ಎಂದು ತೋರಿಸುವ ಫಂಕ್ಷನಲ್ ಎಂಆರ್‌ಐ ಇದ್ದಾಗ ಇನ್ನೆರಡು ಸೇರಿಕೊಳ್ಳುತ್ತವೆ: ‘ಬೆರಳು ಆಡಿಸಿ’, ‘ನಿಲ್ಲಿಸಿ’. ಮಿದುಳಿನ ಗಡ್ಡೆ ತೆಗೆಯುವ ಮುನ್ನ, ಕೈಯನ್ನು ಆಡಿಸುವ ಭಾಗ ಗಡ್ಡೆಗೆ ಎಷ್ಟು ಸಮೀಪದಲ್ಲಿದೆ ಎಂಬುದು ಶಸ್ತ್ರಚಿಕಿತ್ಸಕರಿಗೆ ಗೊತ್ತಿರಬೇಕು.

ಯಂತ್ರಕ್ಕೆ ಆಲೋಚನೆ ಕಾಣುವುದಿಲ್ಲ, ಕಾಣುವುದು ರಕ್ತ. ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಸುತ್ತಲಿನ ಕಾಂತಕ್ಷೇತ್ರವನ್ನು ತುಸು ಕೆಡಿಸಿ, ಯಂತ್ರ ಹಿಡಿಯುವ ಸಂಕೇತವನ್ನು ತಗ್ಗಿಸುತ್ತದೆ. ದುಡಿಯುವ ಭಾಗಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊಸ ರಕ್ತ ನುಗ್ಗುವುದರಿಂದ ಅಲ್ಲಿನ ಸಂಕೇತ ಏರುತ್ತದೆ. ಜಪಾನಿ ವಿಜ್ಞಾನಿ ಸೇಜಿ ಒಗಾವಾ 1990ರಲ್ಲಿ ಇಲಿಗಳ ಮಿದುಳಿನಲ್ಲಿ ತೋರಿಸಿಕೊಟ್ಟದ್ದು ಈ ರಕ್ತದ ಗುಣವನ್ನೇ. ಏರಿಕೆ ಕೆಲವೇ ಶೇಕಡದಷ್ಟು, ಅದೂ ಐದಾರು ಸೆಕೆಂಡು ತಡವಾಗಿ ಉತ್ತುಂಗ ಮುಟ್ಟುತ್ತದೆ. ಒಂದು ಸಲ ಬೆರಳು ಆಡಿಸಿದರೆ ಆ ಏರಿಕೆ ಸಂಕೇತದ ಇತರ ಏರಿಳಿತಗಳ ಗದ್ದಲದಲ್ಲಿ ಕಳೆದೇ ಹೋಗುತ್ತದೆ. ಆದ್ದರಿಂದಲೇ ಇಪ್ಪತ್ತು ಮೂವತ್ತು ಸೆಕೆಂಡು ಕೆಲಸ, ಅಷ್ಟೇ ವಿಶ್ರಾಂತಿ, ಮತ್ತೆ ಕೆಲಸ. ಆ ಲಯಕ್ಕೆ ಸರಿಯಾಗಿ ಏರಿಳಿದ ಚುಕ್ಕೆಗಳನ್ನು ಕಂಪ್ಯೂಟರ್ ಹೆಕ್ಕಿ ಬಣ್ಣ ಹಚ್ಚುತ್ತದೆ.

ಹೇಳಲು ಸುಲಭ. ಕೆಲವರು ಬೆರಳಿನ ಜೊತೆ ಭುಜ ಕುಣಿಸುತ್ತಾರೆ, ಭುಜದ ಜೊತೆ ತಲೆಯೂ ಅಲುಗುತ್ತದೆ. ಒಂದೆರಡು ಮಿಲಿಮೀಟರ್ ಸಾಕು, ಮಿದುಳಿನ ಅಂಚಿನುದ್ದಕ್ಕೂ ಸುಳ್ಳು ಬಣ್ಣ. ಇನ್ನು ಕೆಲವರಿಗೆ ಬಲಗೈ ಆಡಿಸಿ ಎಂದರೆ ಎಡಗೈಯೂ ತಾನಾಗಿ ಆಡುತ್ತದೆ. ಮಾತಿನ ಪರೀಕ್ಷೆ ಇನ್ನೂ ಕಷ್ಟ: ‘ಕ’ದಿಂದ ಶುರುವಾಗುವ ಪದಗಳನ್ನು ಬಾಯಿ ತೆರೆಯದೆ ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ಹೇಳಿಕೊಂಡರೋ, ನಿದ್ದೆಗೆ ಜಾರಿದರೋ, ನನಗೆ ತಿಳಿಯುವ ಬಗೆ ಎಲ್ಲಿ? ಹಾಗಾಗಿ ಒಳಗೆ ಮಲಗಿಸುವ ಮೊದಲು ಹೊರಗಿನ ಕುರ್ಚಿಯಲ್ಲೇ ಎಲ್ಲವನ್ನೂ ಅಭ್ಯಾಸ ಮಾಡಿಸುತ್ತೇನೆ. ಸ್ಕ್ಯಾನಿನ ಗುಣಮಟ್ಟದ ಅರ್ಧ ಅಲ್ಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ಲೆಕ್ಕ.

ಕೆಂಪು, ಹಳದಿ ಚುಕ್ಕೆಗಳಿರುವ ಚಿತ್ರ ನೋಡಿ ಬಂಧುಗಳು ಬೆರಗಾಗುತ್ತಾರೆ. ಆದರೆ ಆ ಬಣ್ಣ ಸಂಖ್ಯಾಶಾಸ್ತ್ರದ್ದು. ಬಣ್ಣ ಹಚ್ಚಲು ಇಷ್ಟಾದರೂ ಏರಿಳಿತ ಹೊಂದಬೇಕು ಎಂದು ಇಟ್ಟ ಮಿತಿಯನ್ನು ಸಡಿಲಿಸಿದರೆ ಚುಕ್ಕೆ ಹಿಗ್ಗುತ್ತದೆ, ಬಿಗಿ ಮಾಡಿದರೆ ಮಾಯವಾಗುತ್ತದೆ. 2009ರಲ್ಲಿ ಸಂಶೋಧಕರು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರಿನಲ್ಲಿಟ್ಟು, ಮನುಷ್ಯರ ಚಿತ್ರಗಳನ್ನು ತೋರಿಸಿ, ಅದರ ಮಿದುಳಿನಲ್ಲೂ ‘ಚಟುವಟಿಕೆ’ ಕಂಡಿದ್ದರು! ಲೆಕ್ಕದಲ್ಲಿ ಅಗತ್ಯ ತಿದ್ದುಪಡಿ ಮಾಡಿದ್ದೇ ತಡ, ಚುಕ್ಕೆಗಳೆಲ್ಲ ಅಳಿಸಿಹೋದವು.

ನನಗೆ ಹೆಚ್ಚು ಭಯವಿರುವುದು ಇದರ ವಿರುದ್ಧದ ತಪ್ಪಿನ ಬಗ್ಗೆ. ಗಡ್ಡೆಯ ಪಕ್ಕದ ರಕ್ತನಾಳಗಳು ಎಂದಿನಂತೆ ಸ್ಪಂದಿಸದೆ ಇರಬಹುದು. ಅಲ್ಲಿ ಬಣ್ಣ ಇಲ್ಲವೆಂದು ಕತ್ತರಿಸಿದರೆ ಕೈಯ ಚಲನೆಯೇ ಹೋದೀತು. ಅದಕ್ಕೇ ಶಸ್ತ್ರಚಿಕಿತ್ಸಕರು ಇಂಥ ಕಡೆಗಳಲ್ಲಿ ನಮ್ಮ ಚಿತ್ರವೊಂದನ್ನೇ ನೆಚ್ಚಿಕೊಳ್ಳದೆ, ಮಿದುಳಿನ ಮೇಲ್ಮೈಗೆ ಸಣ್ಣ ವಿದ್ಯುತ್ ಹರಿಸಿ ಪರೀಕ್ಷಿಸಿಕೊಳ್ಳುತ್ತಾರೆ. ಮಾತಿನ ಭಾಗವಾದರೆ ರೋಗಿಯನ್ನು ಎಚ್ಚರವಾಗಿಟ್ಟು ಮಾತನಾಡಿಸುತ್ತಲೇ. ನಾನಂತೂ ಚಿತ್ರದ ಜೊತೆ ಒಂದು ಟಿಪ್ಪಣಿ ಕಳಿಸುತ್ತೇನೆ: ಎಡಗೈಯೂ ಆಡಿತು, ಕೊನೆಯ ಸುತ್ತಿನಲ್ಲಿ ತೂಕಡಿಸಿದರು, ಹೀಗೆ.