ಮಿಸ್ ಮೆಕ್ಲೌಡ್ಸ್ ರೀಲ್ ಯಾರದ್ದು?

ಪಿಟೀಲು ಕಲಿಯುತ್ತಿರುವವರು, ಅದರಲ್ಲೂ ನಮ್ಮ ಕರ್ನಾಟಕ ಸಂಗೀತದ ಕಡೆಯಿಂದ ಐರಿಶ್ ಫಿಡಲ್ ಕಡೆಗೆ ಕಿವಿ ಹೊರಳಿಸಿದವರು, ನನ್ನನ್ನು ಮತ್ತೆ ಮತ್ತೆ ಕೇಳುತ್ತಾರೆ: "ಮಿಸ್ ಮೆಕ್ಲೌಡ್ಸ್ ರೀಲ್ ಅಂತ ಹುಡುಕಿದರೆ ಹತ್ತು ಥರ ಸಿಗುತ್ತದೆ. ಇದರಲ್ಲಿ ಅಸಲಿ ಯಾವುದು? ಅಷ್ಟಕ್ಕೂ ಇದು ಐರಿಶ್ಶೇನಾ?"

ರೀಲ್ ಅಂದರೆ ಚುರುಕು ನಡೆಯ ಒಂದು ಬಗೆಯ ಕುಣಿತದ ಮಟ್ಟು. ಇದು ಯಾರದ್ದೆಂದು ಕಾಗದ ನೋಡಿ ಹೇಳಬೇಕೆಂದರೆ ಸ್ಕಾಟ್‌ಲೆಂಡಿನದು. ಕೇಳಿ ಹೇಳಬೇಕೆಂದರೆ, ಯಾರು ನುಡಿಸುತ್ತಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ. ಅಸಲಿ ಪಾಠ ಒಂದಿದೆ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಮೊದಲು ಕಾಗದದ ವಿಚಾರ. 1809ರಲ್ಲಿ ನಥಾನಿಯಲ್ ಗೌ ಎಡಿನ್‌ಬರೋದಲ್ಲಿ ಕುಣಿತದ ಮಟ್ಟುಗಳ ತಮ್ಮ ಮನೆತನದ ಐದನೇ ಸಂಕಲನವನ್ನು ಹೊರತಂದರು. ಇವರ ತಂದೆ ನೀಲ್ ಗೌ ಆ ಕಾಲದ ಸ್ಕಾಟ್‌ಲೆಂಡಿನ ಅತಿ ಹೆಸರಾಂತ ಫಿಡಲ್ ವಾದಕ. ಎರಡು ವರ್ಷದ ಹಿಂದಷ್ಟೇ ತೀರಿಕೊಂಡಿದ್ದರು. ಆ ಸಂಕಲನದಲ್ಲಿ 'ರಾಸೇಯ ಮಿಸ್ ಮೆಕ್ಲೌಡ್' ಅನ್ನುವ ಮಟ್ಟು ಇದೆ. ಸ್ಕೈ ದ್ವೀಪದ ರೀಲ್ ಇದು, ಮೆಕ್ಲೌಡ್ ಎಂಬುವರು ಒದಗಿಸಿದ್ದು ಎಂಬ ಒಕ್ಕಣೆಯೂ ಜೊತೆಗಿದೆ. ಅಂದರೆ ಗೌ ಇದನ್ನು ಕಟ್ಟಿದವರಲ್ಲ, ಅಚ್ಚು ಹಾಕಿಸಿದವರು. ಜನ ಅದಕ್ಕೂ ಮೊದಲೇ ಕುಣಿಯುತ್ತಿದ್ದ ಮಟ್ಟು ಎಂದು ಆ ಒಕ್ಕಣೆಯಿಂದಲೇ ಊಹಿಸಬಹುದು.

ರಾಸೇ ಎಂದರೆ ಸ್ಕಾಟ್‌ಲೆಂಡಿನ ಪಶ್ಚಿಮ ಕರಾವಳಿಯ ಸ್ಕೈ ದ್ವೀಪದ ಪೂರ್ವಕ್ಕೆ ಅಂಟಿಕೊಂಡಂತಿರುವ ಉದ್ದನೆಯ ಪುಟ್ಟ ದ್ವೀಪ. 1773ರ ಸೆಪ್ಟೆಂಬರಿನಲ್ಲಿ ಇಂಗ್ಲಿಷ್ ಲೇಖಕ ಸ್ಯಾಮ್ಯುಯೆಲ್ ಜಾನ್ಸನ್ ಮತ್ತು ಅವರ ಗೆಳೆಯ ಜೇಮ್ಸ್ ಬಾಸ್ವೆಲ್ ಅಲ್ಲಿನ ಮೆಕ್ಲೌಡ್ ದೊರೆಯ ಮನೆಯಲ್ಲಿ ಉಳಿದಿದ್ದರು. ಸಂಜೆಯಾಗುತ್ತಲೇ ಜಮಖಾನೆ ಸುತ್ತಿಟ್ಟು, ವಾದ್ಯಗಾರನನ್ನು ಕರೆಸಿ, ಮನೆಮಂದಿಯೆಲ್ಲ ಕುಣಿಯಲು ಎದ್ದರೆಂದು ಜಾನ್ಸನ್ ಬರೆದಿದ್ದಾರೆ. ಆ ಮನೆಯಲ್ಲಿ ಮೂವರು ಗಂಡುಮಕ್ಕಳು, ಹತ್ತು ಹೆಣ್ಣುಮಕ್ಕಳು ಎಂದೂ ಲೆಕ್ಕ ಕೊಟ್ಟಿದ್ದಾರೆ. ಹೀಗಿರುವಾಗ ಮಟ್ಟಿನ ಹೆಸರಿನಲ್ಲಿರುವ ಮಿಸ್ ಯಾರು ಅಂತ ಹುಡುಕಿಕೊಂಡು ಹೋಗುವವರಿಗೆ ನನ್ನ ಶುಭಾಶಯ! ಅಂಥ ಹೆಸರುಗಳಿಗೆ ಇನ್ನೊಂದು ಕಾರಣವೂ ಇತ್ತು. ಸಂಕಲನಗಳು ಚಂದಾದಾರರ ದುಡ್ಡಿನಿಂದ ಅಚ್ಚಾಗುತ್ತಿದ್ದವು. ಜಮೀನ್ದಾರರ ಮನೆಯ ಹೆಣ್ಣುಮಕ್ಕಳ ಹೆಸರು ಪುಟದ ಮೇಲಿದ್ದರೆ ಪುಸ್ತಕ ಬಿಕರಿಯಾಗುವುದು ಸುಲಭ.

ರೀಲ್ ಅನ್ನುವ ಪ್ರಕಾರವೇ ಸ್ಕಾಟ್‌ಲೆಂಡಿನಿಂದ ಐರ್ಲೆಂಡಿಗೆ ಬಂದದ್ದು, ಹದಿನೆಂಟನೇ ಶತಮಾನದ ಕೊನೆಯ ಭಾಗದಲ್ಲಿ. ಐರ್ಲೆಂಡಿನ ವಾಯವ್ಯ ಮೂಲೆಯ ಡನಿಗಾಲ್ ಕಡೆಯ ಕೂಲಿಗಳು ಕೊಯ್ಲಿಗೂ ಆಲೂಗಡ್ಡೆ ಕೀಳುವುದಕ್ಕೂ ಪ್ರತಿ ವರ್ಷ ಸ್ಕಾಟ್‌ಲೆಂಡಿಗೆ ಹೋಗಿ ಬರುತ್ತಿದ್ದರು. ಮಟ್ಟುಗಳೂ ಅವರೊಂದಿಗೆ ದೋಣಿ ಹತ್ತುತ್ತಿದ್ದವು. ಇದೊಂದೇ ಅಲ್ಲ. ನಥಾನಿಯಲ್ ಗೌ 1802ರಲ್ಲಿ ಒಂದು ನೃತ್ಯಕೂಟಕ್ಕೆಂದು ಕಟ್ಟಿದ 'ಫೇರಿ ಡಾನ್ಸ್' ಐರ್ಲೆಂಡಿನಲ್ಲಿ 'ಫೇರಿ ರೀಲ್' ಆಯಿತು. ಐರಿಶ್ ಫಿಡಲ್ ವಾದಕ ಮೈಕೆಲ್ ಕೋಲ್ಮನ್ 1934ರಲ್ಲಿ ನ್ಯೂಯಾರ್ಕಿನಲ್ಲಿ ಧ್ವನಿಮುದ್ರಿಸಿದ 'ಬಾನಿ ಕೇಟ್' ಕೇಳಿ. ಅದರ ಬೇರು ಡ್ಯಾನಿಯಲ್ ಡೌ ಎಂಬ ಸ್ಕಾಟಿಷ್ ವಾದಕನ ಮಟ್ಟಿನಲ್ಲಿದೆ. ಆದರೆ ಕೋಲ್ಮನ್ ನುಡಿಸಿದ ಮೇಲೆ ಅದನ್ನು ಸ್ಕಾಟಿಷ್ ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಈಗ ಸಂಗೀತಕ್ಕೆ ಬರೋಣ, ನನಗೆ ಹೆಚ್ಚು ಇಷ್ಟವಾದ ಭಾಗ ಇದೇ. ಶಂಕರಾಭರಣದ ಸ್ವರಗಳಲ್ಲಿ ಹೇಳುವುದಾದರೆ ಮೊದಲ ಸಾಲು ಸ್ಥೂಲವಾಗಿ ಹೀಗೆ: ಸಾ ಗಸ ಪಸಗಸ, ಗಾ ಗರಿ ಗಮಗರಿ. ಮತ್ತೆ ಸಾ ಗಸ ಪಸಗಸ ಬಂದು, ಸಾಲು ರಿ ಸುತ್ತ ಸುಳಿದು ಅಲ್ಲೇ ನಿಲ್ಲುತ್ತದೆ. ಸ ಮೇಲೆ ಇಳಿಯುವುದೇ ಇಲ್ಲ. ರಿ ಮೇಲೆ ನಿಂತ ಕಿವಿ ಸ ಬೇಕೆಂದು ಹಟ ಹಿಡಿಯುತ್ತದೆ, ಆ ಸ ಸಿಗುವುದು ಸಾಲನ್ನು ಮತ್ತೆ ಎತ್ತಿಕೊಂಡಾಗ. ಹಾಗಾಗಿ ಮಟ್ಟು ತಾನೇ ತಾನಾಗಿ ಸುತ್ತುತ್ತಲೇ ಇರುತ್ತದೆ. ಕುಣಿಯುವವರಿಗೆ ಬೇಕಾದದ್ದೂ ಇದೇ ತಾನೆ.

ಪಾಠಾಂತರಗಳು ಹುಟ್ಟುವುದು ಈ ಎಲುಬುಗೂಡಿನ ಮೇಲೆಯೇ. ಸ್ಕಾಟಿಷ್ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಎ ಶ್ರುತಿ. ಐರ್ಲೆಂಡಿನಲ್ಲಿ ಹೆಚ್ಚಾಗಿ ಜಿ, ಕೊಳಲಿಗೂ ತಿದಿ ಒತ್ತಿ ನುಡಿಸುವ ಪೈಪಿಗೂ ಅದು ಅನುಕೂಲ. ಆ ಮೊದಲ ಉದ್ದದ ಸಾ ಇದೆಯಲ್ಲ, ಐರ್ಲೆಂಡಿನ ಸ್ಲೈಗೋ ಕೌಂಟಿಯ ಶೈಲಿಯವರು ಅದನ್ನು ಹಾಗೆಯೇ ಎಳೆಯದೆ ರೋಲ್ ಹಾಕುತ್ತಾರೆ: ಸ, ಮೇಲಿನ ಸ್ವರ, ಮತ್ತೆ ಸ, ಕೆಳಗಿನ ಸ್ವರ, ಮತ್ತೆ ಸ, ಎಲ್ಲ ಬೆರಳಿನಲ್ಲೇ, ಒಂದೇ ಕಮಾನಿನಲ್ಲಿ. ಡನಿಗಾಲ್‌ನವರು ಅದೇ ಜಾಗದಲ್ಲಿ ಕಮಾನನ್ನು ಮೂರು ಸಲ ಚಕಚಕನೆ ಕುಟ್ಟುತ್ತಾರೆ. ಅವರ ಬಲಗೈ ಸ್ಕಾಟಿಷರ ಬಲಗೈಗೆ ಹತ್ತಿರ. ಸ್ವರಲಿಪಿಯಲ್ಲಿ ಇವೆರಡೂ ಬಹುಪಾಲು ಒಂದೇ ಥರ ಕಾಣುತ್ತವೆ. ಕಿವಿಗೆ ಬೇರೆಯೇ ಊರು.

ಅಮೆರಿಕಕ್ಕೆ ಹೋದ ಮಟ್ಟು ಹೆಸರೂ ಬದಲಿಸಿತು, ಮಾತೂ ಕಟ್ಟಿಸಿಕೊಂಡಿತು. ಅಲ್ಲಿ ಅದು 'ಹಾಪ್ ಹೈ ಲೇಡೀಸ್', 'ಅಂಕಲ್ ಜೋ'. ಬ್ಯಾಂಜೋ ವಾದಕ ಅಂಕಲ್ ಡೇವ್ ಮೇಕನ್ 1927ರಲ್ಲಿ ಧ್ವನಿಮುದ್ರಿಸಿದ್ದನ್ನು ಕೇಳಿದರೆ ರಾಸೇ ದೊರೆಮನೆಯ ನೆನಪು ಖಂಡಿತ ಬರುವುದಿಲ್ಲ.

ಇದೆಲ್ಲ ದೂರದ ಕಥೆ ಅನ್ನಿಸಿದರೆ, ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕಟ್ಟಿದ ನೊಟ್ಟುಸ್ವರಗಳನ್ನು ನೆನಪಿಸಿಕೊಳ್ಳಿ. ಮಕ್ಕಳಿಗೆ ಹೇಳಿಕೊಡುವ 'ವಂದೇ ಮೀನಾಕ್ಷಿ' ನಿಂತಿರುವುದು 'ರೇಕ್ಸ್ ಆಫ್ ಮ್ಯಾಲೋ' ಎಂಬ ಐರಿಶ್ ಮಟ್ಟಿನ ಮೇಲೆ; ಮ್ಯಾಲೋ ಇರುವುದು ಕಾರ್ಕ್ ಕೌಂಟಿಯಲ್ಲಿ. ಅದನ್ನು ಹಾಡುವ ಮಗುವಿಗೆ "ಇದು ನಮ್ಮದಲ್ಲ" ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಹಾಗಾದರೆ ಕಲಿಯುವುದು ಯಾವುದನ್ನು? ಷಿಕಾಗೋ ಪೊಲೀಸ್ ಮುಖ್ಯಸ್ಥರಾಗಿದ್ದ, ಕಾರ್ಕ್ ಮೂಲದ ಫ್ರಾನ್ಸಿಸ್ ಓನೀಲ್ 1903ರಲ್ಲಿ ತಂದ 1850 ಮಟ್ಟುಗಳ ದೊಡ್ಡ ಸಂಕಲನದಲ್ಲಿ ಇದು ಸಿಗುತ್ತದೆ. ಮಟ್ಟಿನ ಎಲುಬುಗೂಡು ತಿಳಿಯಲು ಅಷ್ಟು ಸಾಕು. ಆಮೇಲೆ ಪುಸ್ತಕ ಮುಚ್ಚಿ ಒಬ್ಬರೇ ವಾದಕರನ್ನು ಆರಿಸಿಕೊಂಡು ಅವರ ಕಮಾನನ್ನು ಕೇಳಿ. ಇಬ್ಬರನ್ನು ಬೆರೆಸಲು ಹೋಗಬೇಡಿ, ಕನಿಷ್ಠ ಮೊದಲ ವರ್ಷ. ಸ್ಕಾಟಿಷರ ಜೊತೆ ಕೂರುವ ಸಂದರ್ಭ ಬಂದರೆ ಎ ಶ್ರುತಿಯಲ್ಲೂ ಕೈ ಓಡುವಂತೆ ಇಟ್ಟುಕೊಳ್ಳಿ. ಮುಗಿಸುವುದು ಹೇಗೆ ಎಂದು ಹಲವರು ತಡವರಿಸುತ್ತಾರೆ, ಸಾಲು ರಿ ಮೇಲೆ ನೇತಾಡುತ್ತದಲ್ಲ. ಎರಡು ದಾರಿಗಳಿವೆ: ಕೊನೆಗೊಂದು ಸ ಸೇರಿಸಿ ನಿಲ್ಲಿಸುವುದು, ಇಲ್ಲವೇ ಆ ರಿ ಇಂದಲೇ ಮುಂದಿನ ರೀಲಿಗೆ ಹಾರುವುದು. ಪಬ್‌ಗಳ ಕೂಟದಲ್ಲಿ ಸಾಮಾನ್ಯವಾಗಿ ಒಂದು ಮಟ್ಟನ್ನು ಎರಡು ಮೂರು ಸುತ್ತು ನುಡಿಸಿ ಎರಡನೆಯದನ್ನೇ ಮಾಡುತ್ತಾರೆ. ಜಿ ಶ್ರುತಿಯ ರಿ ಡಿ ಶ್ರುತಿಗೆ ಪ ಆಗುತ್ತದೆ, ಹಾಗಾಗಿ ಡಿ ಶ್ರುತಿಯ ರೀಲ್ ಒಂದನ್ನು ಕೈಯಲ್ಲಿ ಸಿದ್ಧವಾಗಿಟ್ಟುಕೊಂಡೇ ಶುರು ಮಾಡಿ.