ತೊಟ್ಟೆ ಒಣಗಿದ್ದರೆ ನಮ್ಮ ಅರ್ಧ ಕೆಲಸ ಮುಗಿದಂತೆ

ನಾನು ಕೇರಳದ ಹರಿತ ಕರ್ಮ ಸೇನೆಯಲ್ಲಿದ್ದೇನೆ. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಹಸಿರು ಕೋಟು ಹಾಕಿಕೊಂಡು, ಗುಡ್ಡೆ ಹತ್ತಿ ಬೈಲು ಇಳಿದು ಮನೆ ಮನೆಯಿಂದ ಪ್ಲಾಸ್ಟಿಕ್ ತರುವ ಹೆಂಗಸರನ್ನು ನೀವು ನೋಡಿರಬಹುದು. ಅವರಲ್ಲಿ ನಾನೂ ಒಬ್ಬಳು. ತಿಂಗಳಿಗೊಮ್ಮೆ ಬರುತ್ತೇವೆ, 50 ರೂಪಾಯಿ ಯೂಸರ್ ಫೀ ತೆಗೆದುಕೊಳ್ಳುತ್ತೇವೆ, ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುತ್ತೇವೆ. ಹೆಚ್ಚಿನವರಿಗೆ ಗೊತ್ತಿರುವುದು ಇಷ್ಟೇ. ಆಮೇಲೆ ಆ ಗೋಣಿಗೆ ಏನಾಗುತ್ತದೆ ಅಂತ ಹೇಳಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ.

ಮೊದಲ ವರ್ಷ ನಾವೇ ತಪ್ಪು ಮಾಡಿದೆವು. 'ಪ್ಲಾಸ್ಟಿಕ್ ಉಂಟಾ ಅಕ್ಕ, ಇದ್ದರೆ ಕೊಡಿ' ಅಂತ ಕೇಳುತ್ತಿದ್ದೆವು, ಅಷ್ಟೇ. ಕೊಟ್ಟದ್ದನ್ನೆಲ್ಲ ಒಂದೇ ಗೋಣಿಗೆ ತುಂಬಿ, ಬಾಯಿ ಕಟ್ಟಿ, ಎಂಸಿಎಫ್‌ಗೆ ತಂದು ಹಾಕುತ್ತಿದ್ದೆವು. ಎಂಸಿಎಫ್ ಅಂದರೆ ತಂದದ್ದನ್ನು ಸೇರಿಸಿಟ್ಟು ಬೇರ್ಪಡಿಸುವ ಶೆಡ್. ಜೂನ್ ಬಂತು. ನಮ್ಮ ಕಡೆಯ ಮಳೆ ಗೊತ್ತಲ್ವಾ, ಹಿಡಿದರೆ ಎರಡು ವಾರ ಬಿಡುವುದಿಲ್ಲ. ಗೋಣಿ ಬಿಚ್ಚಿದಾಗ ಒಳಗೆ ಹುಳ. ಯಾರೋ ಒಬ್ಬರ ಮೀನಿನ ತೊಟ್ಟೆ (ಪ್ಲಾಸ್ಟಿಕ್ ಚೀಲ), ಇನ್ಯಾರದೋ ತೊಳೆಯದ ನಾಲ್ಕು ಹಾಲಿನ ತೊಟ್ಟೆ, ಅಷ್ಟರಿಂದ ಇಪ್ಪತ್ತು ಮನೆಯವರು ಚೆನ್ನಾಗಿ ಕೊಟ್ಟದ್ದೂ ಅಂಟಂಟಾಗಿ ಹಾಳಾಗಿತ್ತು. ನನ್ನ ಜೊತೆಯವಳಿಗೆ ಆ ದಿನ ಊಟ ಸೇರಲಿಲ್ಲ. ನನಗೂ ಸೇರಲಿಲ್ಲ.

ಚೊಕ್ಕ ಪ್ಲಾಸ್ಟಿಕ್ಕಿಗೆ ಬೆಲೆ ಉಂಟು. ಹಾಲಿನ ತೊಟ್ಟೆ ಬೇರೆ, ನೀರಿನ ಬಾಟಲಿ ಬೇರೆ, ಶ್ಯಾಂಪೂ ಡಬ್ಬ ಬೇರೆ ಅಂತ ವಿಂಗಡಿಸಿ ಇಟ್ಟರೆ ಸರಕಾರದ ಕ್ಲೀನ್ ಕೇರಳ ಕಂಪೆನಿಯವರು ದುಡ್ಡು ಕೊಟ್ಟು ಒಯ್ಯುತ್ತಾರೆ. ಕೆಲವು ಬಗೆಯದ್ದನ್ನು ಪುಡಿ ಮಾಡಿ ರಸ್ತೆಯ ಡಾಮರಿಗೆ ಸೇರಿಸುತ್ತಾರೆ. ಗಲೀಜಾದದ್ದು ಮಾತ್ರ 'ರಿಜೆಕ್ಟ್' ಲೆಕ್ಕಕ್ಕೆ ಹೋಗುತ್ತದೆ. ಅದನ್ನು ಒಯ್ಯಲು ಈ ಕಡೆಯಿಂದಲೇ ದುಡ್ಡು ಕೊಡಬೇಕು. ಅದೇ ತೊಟ್ಟೆ, ಒಣಗಿದ್ದರೆ ಸಂಪಾದನೆ, ಒದ್ದೆಯಾಗಿದ್ದರೆ ಖರ್ಚು.

ಹಾಗಾದರೆ ಜನ ಯಾಕೆ ತೊಳೆದು ಕೊಡುವುದಿಲ್ಲ? ಉದಾಸೀನ ಅಂತ ನಾನು ಬೈದುಕೊಳ್ಳುತ್ತಿದ್ದೆ. ಗುಡ್ಡೆಯ ಮೇಲಿನ ಒಂದು ಮನೆಯಲ್ಲಿ ಒಬ್ಬರೇ ಇರುವ ಅಜ್ಜಿ, ನಾವು ಕೊಟ್ಟ ನೋಟೀಸನ್ನು ಮಡಚಿ ದೇವರ ಫೋಟೋದ ಹಿಂದೆ ಜೋಪಾನವಾಗಿ ಇಟ್ಟಿದ್ದರು. ಅದನ್ನು ತೆಗೆದು ನನ್ನ ಕೈಗೆ ಕೊಟ್ಟು 'ಇದರಲ್ಲಿ ಏನು ಬರೆದಿದ್ದಾರೆ ಮಗಾ, ಓದು' ಅಂದರು. ಅದು ಪೂರ್ತಿ ಮಲಯಾಳದಲ್ಲಿತ್ತು. ಅಜ್ಜಿ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸು ಓದಿದವರು. 'ಕಳುಗಿ ಉಣಕ್ಕಿ' ಅಂತ ನಾನು ಓದಿದ ತಕ್ಷಣ 'ಓ, ತೊಳೆದು ಒಣಗಿಸಿಯಾ' ಅಂದರು. ತುಳು, ಮಲಯಾಳ ಕಿವಿಗೆ ಬಿದ್ದರೆ ನಮ್ಮವರಿಗೆ ಅರ್ಥವಾಗುತ್ತದೆ. ಅಕ್ಷರ ಗೊತ್ತಿಲ್ಲ ಅಷ್ಟೇ. ಅಷ್ಟು ತಿಂಗಳು ನಾನು ಅವರ ಅಂಗಳದಲ್ಲಿ ನಿಂತು ಒಂದು ಮಾತೂ ವಿವರಿಸದೆ ಗೋಣಿ ಹಿಡಿದು ಹೋಗಿದ್ದೆ. ಆ ರಾತ್ರಿ ಕೂತು ಕನ್ನಡದಲ್ಲಿ ಒಂದು ಹಾಳೆ ಬರೆದೆ, ಝೆರಾಕ್ಸ್ ಮಾಡಿಸಿ ಹಂಚಿದೆವು. ಅದಕ್ಕಿಂತ ಮುಖ್ಯವಾಗಿ, ಪ್ರತಿ ಮನೆಯಲ್ಲಿ ಎರಡು ನಿಮಿಷ ನಿಂತು ಮಾತಾಡಲು ಶುರು ಮಾಡಿದೆವು.

ನಾನು ಹೇಳುವುದು ಇಷ್ಟು. ಹಾಲು ಪಾತ್ರೆಗೆ ಸುರಿದ ಕೂಡಲೇ ತೊಟ್ಟೆ ತೊಳೆಯಿರಿ, ಆಮೇಲೆ ಅಂತ ಇಟ್ಟರೆ ಜಿಡ್ಡು ಹೋಗುವುದಿಲ್ಲ. ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಬೇಡಿ, ಚೂರು ಸೀಳಿದರೆ ಸಾಕು. ಆ ಚಿಕ್ಕ ತುಂಡು ಯಾರ ಕೈಗೂ ಸಿಗದೆ ತೋಟಕ್ಕೆ ಸೇರುತ್ತದೆ. ಮಳೆಗಾಲದಲ್ಲಿ ಜಗಲಿಯ ಹಗ್ಗಕ್ಕೆ ಬಟ್ಟೆ ಕ್ಲಿಪ್ ಹಾಕಿ ನೇತುಹಾಕಿ. ಒಡೆದ ಗಾಜು, ಬಲ್ಬು, ಟ್ಯೂಬ್‌ಲೈಟ್ ಯಾವತ್ತೂ ತೊಟ್ಟೆಗಳ ಜೊತೆ ಬೇಡ. ಟ್ಯೂಬ್‌ಲೈಟಿನಲ್ಲಿ ಪಾದರಸ ಇರುತ್ತದೆ, ಗಾಜು ನಮ್ಮ ಗ್ಲೌಸನ್ನೂ ದಾಟಿ ಬರುತ್ತದೆ. ನನ್ನ ಬಲಗೈಯ ತೋರುಬೆರಳಿನಲ್ಲಿ ಇನ್ನೂ ಗೆರೆ ಉಂಟು. ತೋಟಕ್ಕೆ ಬಿಡುವ ಔಷಧಿಯ ಕ್ಯಾನ್ ಇದ್ದರೆ ಸುಮ್ನೆ ಒಳಗೆ ತುರುಕದೆ ಮೊದಲೇ ಹೇಳಿ. ಎಂಡೋಸಲ್ಫಾನ್ ಕೀಟನಾಶಕದ ಕಷ್ಟ ಕಂಡ ಊರು ನಮ್ಮದು, ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ.

ಹಸಿ ಕಸದ ತೊಂದರೆ ಇಲ್ಲಿ ಕಡಿಮೆ. ತೆಂಗಿನ ಬುಡ ಉಂಟು, ದನ ಉಂಟು.

ಬಚ್ಚಲ ಒಲೆಯದ್ದೇ ಕಷ್ಟ. ಹಂಡೆಯ ನೀರು ಕಾಯಿಸಲು ಒಲೆ ಹೊತ್ತಿಸುವಾಗ ಒಂದು ಚಿಪ್ಸ್ ಪ್ಯಾಕೆಟ್, ಒಂದು ತೊಟ್ಟೆ ಹಾಕುವುದು ಎಷ್ಟೋ ಮನೆಗಳಲ್ಲಿ ಅಭ್ಯಾಸ. ನಮ್ಮ ಮನೆಯಲ್ಲೂ ಅಮ್ಮ ಹಾಕುತ್ತಿದ್ದರು. 'ಹೇಗೂ ನೀವು ಅದನ್ನು ಸುಡುವುದೇ ಅಲ್ವಾ' ಅಂತ ಒಬ್ಬರು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು. ಒಳಗೆ ಬೆಳ್ಳಿ ಬಣ್ಣ ಹೊಳೆಯುವ ಪ್ಯಾಕೆಟ್‌ನಲ್ಲಿ ಬೇರೆ ಬೇರೆ ಪದರ ಅಂಟಿಕೊಂಡಿರುತ್ತವೆ, ಕರಗಿಸಿ ಮತ್ತೆ ಬಳಸಲು ಆಗುವುದಿಲ್ಲ, ಹಾಗಾಗಿ ಅದು ಸಿಮೆಂಟ್ ಫ್ಯಾಕ್ಟರಿಯ ಕುಲುಮೆಗೆ ಇಂಧನವಾಗಿ ಹೋಗುತ್ತದೆ. ಆದರೆ ಆ ಕುಲುಮೆಯಲ್ಲಿ 1400 ಡಿಗ್ರಿ ದಾಟುವ ಬಿಸಿ ಇರುತ್ತದೆ. ಬಚ್ಚಲ ಒಲೆಯಲ್ಲಿ ಪ್ಲಾಸ್ಟಿಕ್ ಅರೆಬರೆ ಉರಿಯುತ್ತದೆ, ಪಿವಿಸಿ ಸೇರಿದ್ದರೆ ಡಯಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ, ಹೊಗೆ ಸ್ನಾನಕ್ಕೆ ಹೋದ ಮಕ್ಕಳ ಎದೆಗೆ, ಬೂದಿ ಬಸಳೆಯ ಬುಡಕ್ಕೆ. 2023ರ ಮಾರ್ಚ್‌ನಲ್ಲಿ ಕೊಚ್ಚಿಯ ಬ್ರಹ್ಮಪುರದಲ್ಲಿ ಕಸದ ರಾಶಿ ಹೊತ್ತಿ ಹತ್ತು ದಿನಕ್ಕೂ ಜಾಸ್ತಿ ಉರಿದದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. ಅದನ್ನು ನೆನಪಿಸಿದರೆ ಜನ ಒಲೆಯ ಕಡೆ ಒಮ್ಮೆ ತಿರುಗಿ ನೋಡುತ್ತಾರೆ. ಅಮ್ಮ ಈಗ ತೆಂಗಿನ ಗರಿಯಲ್ಲೇ ಹೊತ್ತಿಸುತ್ತಾರೆ.

50 ರೂಪಾಯಿ ಯಾಕೆ ಅಂತ ಜಗಳ ಮಾಡುವವರು ಈಗಲೂ ಇದ್ದಾರೆ. ಅವರಲ್ಲಿ ಇಬ್ಬರನ್ನು ನಾನು ಎಂಸಿಎಫ್‌ಗೆ ಕರೆದುಕೊಂಡು ಹೋಗಿ, ನಾವು ಕೂತು ಬೇರ್ಪಡಿಸುವುದನ್ನು ತೋರಿಸಿದೆ. ಒಬ್ಬರು ಮರುತಿಂಗಳಿಂದ ಕೊಡುತ್ತಿದ್ದಾರೆ. ಇನ್ನೊಬ್ಬರು ಕೊಡುವುದಿಲ್ಲ, ಆದರೆ ಅವರ ಮಗಳು ಪ್ಲಾಸ್ಟಿಕ್ ತೊಳೆದು ಒಣಗಿಸಿ ಗೇಟಿನ ಹತ್ತಿರ ಇಟ್ಟಿರುತ್ತಾಳೆ.

ಕಳೆದ ಸಲ ಅಜ್ಜಿಯ ಮನೆಗೆ ಹೋದಾಗ ಮೂವತ್ತು ಹಾಲಿನ ತೊಟ್ಟೆಗಳನ್ನು ವೀಳ್ಯದೆಲೆಯ ಕಟ್ಟಿನ ಹಾಗೆ ಒಂದರ ಮೇಲೊಂದು ಜೋಡಿಸಿ ಬಾಳೆಯ ನಾರಿನಲ್ಲಿ ಕಟ್ಟಿ ಇಟ್ಟಿದ್ದರು. ಕೈಗೆ ತೆಗೆದುಕೊಂಡೆ, ಒಣಗಿ ಗರಗರ ಅನ್ನುತ್ತಿತ್ತು. 'ಇನ್ನು ಈ ಹಳೇ ಚಪ್ಪಲಿ ಯಾವಾಗ ಒಯ್ಯುತ್ತೀರಿ' ಅಂತ ಕೇಳಿದರು.