ಸೊಂಟಕ್ಕೆ ಟೇಪ್ ಹಿಡಿಯೋ ಕೆಲಸ

ನಾನು ಸೇನೆಯ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನು. ಈಗ ಪಿಂಚಣಿ. ನೌಕರಿಯ ದೊಡ್ಡ ಪಾಲು ಯೂನಿಟ್ಟಿನ ಎಂಐ ರೂಮಿನಲ್ಲಿ, ಅಂದರೆ ಜವಾನರನ್ನು ತಪಾಸಣೆ ಮಾಡುವ ಚಿಕ್ಕ ದವಾಖಾನೆಯಲ್ಲಿ, ಹೋಯಿತು. ಕೊನೆಯ ವರ್ಷಗಳಲ್ಲಿ ಮಿಲಿಟರಿ ಆಸ್ಪತ್ರೆಯಲ್ಲಿ ಆಯ್ಕೆಯಾಗಿ ಬಂದ ಹುಡುಗರ ಎತ್ತರ, ತೂಕ, ಸೊಂಟ ಅಳೆಯೋದೇ ಕೆಲಸ. ಫಿಟ್, ಅನ್‌ಫಿಟ್ ಅಂತ ಸಹಿ ಹಾಕುವವರು ಡಾಕ್ಟರು. ಆದರೆ ಅವರು ನೋಡುವ ಅಂಕಿ ನಮ್ಮ ಕೈಯಿಂದ ಹೋಗಿರುತ್ತದೆ. ಬರೆದುಕೊಡುವವನ ಕೈ ಸಡಿಲಾದರೆ ಒಬ್ಬ ಹುಡುಗನ ವರ್ಷ ಹೋಗುತ್ತದೆ.

ಊರಲ್ಲಿ ಈಗಲೂ ಹುಡುಗರು ಕೇಳೋದು ಒಂದೇ. "ಅಣ್ಣಾ, ನನ್ನ ಹೈಟಿಗೆ ಎಷ್ಟು ಕೆಜಿ ಇರಬೇಕು?" ಜವಾನರ ರ್ಯಾಲಿಗಾದರೆ ನಮ್ಮ ಕರ್ನಾಟಕದವರಿಗೆ ಜನರಲ್ ಡ್ಯೂಟಿಗೆ 166 ಸೆಂ.ಮೀ. ಎತ್ತರ ಬೇಕು, ಕ್ಲರ್ಕಿಗೆ 162. ಎದೆ 77 ಸೆಂ.ಮೀ., ಉಸಿರೆಳೆದಾಗ ಇನ್ನೂ 5 ಉಬ್ಬಬೇಕು. ತೂಕಕ್ಕೆ ಅಲ್ಲಿ ಒಂದೇ ಅಂಕಿ ಅಂತ ಇಲ್ಲ, ಎತ್ತರಕ್ಕೂ ವಯಸ್ಸಿಗೂ ತಕ್ಕಂತೆ ಇರಬೇಕು, ಅಷ್ಟೇ. ಅಧಿಕಾರಿಗಳಾಗಲು ಬರೆಯುವ ಎನ್‌ಡಿಎ, ಸಿಡಿಎಸ್ ಪರೀಕ್ಷೆಗಳ ಪ್ರಕಟಣೆಯಲ್ಲಿ ಮಾತ್ರ ಪೂರ್ತಿ ಪಟ್ಟಿಯನ್ನೇ ಕೊಟ್ಟಿರುತ್ತಾರೆ. ಅದರ ಹಿಂದಿನ ಲೆಕ್ಕ ಬಿಎಂಐ. ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿ. ಕನಿಷ್ಠ 18 ಎಲ್ಲ ವಯಸ್ಸಿಗೂ. ಗರಿಷ್ಠ ಮಾತ್ರ ವಯಸ್ಸಿನ ಜೊತೆ ಏರುತ್ತದೆ: 20ರವರೆಗೆ 22, 30ರವರೆಗೆ 23, 40ರವರೆಗೆ 24, ಆಮೇಲೆ 25. ಅಂದರೆ 170 ಸೆಂ.ಮೀ. ಎತ್ತರದ ಹತ್ತೊಂಬತ್ತರ ಹುಡುಗ 52 ಕೆಜಿಗಿಂತ ಕಡಿಮೆ ಇರಬಾರದು, 63.6 ದಾಟಬಾರದು.

ಈಗ ನೋಡಿ, ಅದೇ ಹುಡುಗನನ್ನು ನಾನು ಅವಸರದಲ್ಲಿ 169 ಅಂತ ಬರೆದೆ ಅಂದುಕೊಳ್ಳಿ. ಅವನ ಮಿತಿ 62.8ಕ್ಕೆ ಇಳಿಯಿತು. ಒಂದು ಸೆಂಟಿಮೀಟರಿಗೆ ಎಂಟುನೂರು ಗ್ರಾಂ! ಬೆಳಗ್ಗೆ ಎದ್ದಾಗ ಇದ್ದ ಎತ್ತರ ಸಂಜೆಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ತಗ್ಗಿರುತ್ತದೆ, ಬೆನ್ನುಮೂಳೆಯ ನಡುವಿನ ಮೆತ್ತೆಗಳು ಅಮುಕಿಕೊಂಡಿರುತ್ತವೆ. ಅದಕ್ಕೇ ನಾನು ಎತ್ತರ, ತೂಕ ಎರಡನ್ನೂ ಬೆಳಗ್ಗೆಯೇ ಮುಗಿಸುತ್ತಿದ್ದೆ. ಹಿಮ್ಮಡಿ ಗೋಡೆಗೆ ತಾಗಿರಬೇಕು, ಕಣ್ಣು ನೇರ ಮುಂದಕ್ಕೆ. ಗಲ್ಲ ಎತ್ತಿದರೆ ಎತ್ತರ ಜಾಸ್ತಿ ಆಗುತ್ತೆ ಅಂತ ಹುಡುಗರು ಅಂದುಕೊಳ್ಳುತ್ತಾರೆ. ಆಗೋದು ಉಲ್ಟಾ, ನೆತ್ತಿ ಹಿಂದಕ್ಕೆ ವಾಲಿ ಕಡಿಮೆಯೇ ತೋರಿಸುತ್ತದೆ.

ತೂಕದ ಯಂತ್ರದ ದೊಡ್ಡ ಕೊರತೆ ಅಂದರೆ ಅದಕ್ಕೆ ಕೊಬ್ಬು, ಮಾಂಸಖಂಡ ಎರಡೂ ಒಂದೇ. ಒಮ್ಮೆ ಗರಡಿಮನೆಯ ಹುಡುಗ ಬಂದಿದ್ದ. ಕಿವಿ ಮುದುಡಿ ಗಟ್ಟಿಯಾಗಿತ್ತು, ಕುಸ್ತಿ ಆಡಿದವನ ಗುರುತು. 170 ಎತ್ತರ, 71 ಕೆಜಿ. ಪಟ್ಟಿಯ ಪ್ರಕಾರ ಏಳು ಕೆಜಿಗೂ ಜಾಸ್ತಿ. ಪಕ್ಕದಲ್ಲಿ ನಿಂತಿದ್ದವರು ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ. ಇಂಥವರಿಗೆ ನಿಯಮದಲ್ಲೇ ಒಂದು ಬಾಗಿಲಿದೆ. ಕುಸ್ತಿ, ಬಾಕ್ಸಿಂಗ್, ಬಾಡಿ ಬಿಲ್ಡಿಂಗ್ ಮಾಡಿದ್ದಕ್ಕೆ ದಾಖಲೆ ಇರಬೇಕು. ಬಿಎಂಐ 25ರ ಒಳಗಿರಬೇಕು. ಗಂಡಸರಿಗೆ ಸೊಂಟ 90 ಸೆಂ.ಮೀ.ಗಿಂತ ಕಡಿಮೆ, ಹೆಂಗಸರಿಗೆ 80. ಸೊಂಟದ ಅಳತೆಯನ್ನು ಹಿಂಭಾಗದ, ಅಂದರೆ ಪೃಷ್ಠದ, ಸುತ್ತಳತೆಯಿಂದ ಭಾಗಿಸಿದರೆ ಗಂಡಸರಿಗೆ 0.9, ಹೆಂಗಸರಿಗೆ 0.8 ದಾಟಬಾರದು. ಜೊತೆಗೆ ಸಕ್ಕರೆ, ಕೊಬ್ಬಿನಂಥ ರಕ್ತ ಪರೀಕ್ಷೆಗಳು ಸರಿ ಇರಬೇಕು. ಅವನ ಬಿಎಂಐ 24.6. ಸೊಂಟ 80, ಹಿಂಭಾಗ 96. ಎರಡು ಕೆಜಿ ಜಾಸ್ತಿ ಇದ್ದಿದ್ದರೆ ಆ ಬಾಗಿಲೂ ಮುಚ್ಚಿರುತ್ತಿತ್ತು, ಎಷ್ಟೇ ಪೈಲ್ವಾನನಾಗಿದ್ದರೂ.

ಈ ಬಾಗಿಲು ತೆರೆಯೋದು ಟೇಪಿನಿಂದ. ಹಾಗಾಗಿ ಟೇಪ್ ಹಿಡಿಯೋದನ್ನು ಹಗುರ ಅಂದುಕೊಳ್ಳಬಾರದು. ಪ್ಯಾಂಟ್ ಕಟ್ಟುವ ಜಾಗ ಸೊಂಟ ಅಲ್ಲ. ಕೊನೆಯ ಪಕ್ಕೆಲುಬನ್ನು ಬೆರಳಿಂದ ಹುಡುಕಬೇಕು, ಕೆಳಗೆ ಸೊಂಟದ ಮೂಳೆಯ ಅಂಚನ್ನು ಹುಡುಕಬೇಕು, ಎರಡರ ನಡುಮಧ್ಯೆ ಟೇಪ್ ಬರಬೇಕು. ಉಸಿರು ಸಹಜವಾಗಿ ಬಿಟ್ಟ ಮೇಲೆ ಓದಬೇಕು. ಟೇಪ್ ಚರ್ಮಕ್ಕೆ ತಾಗಿರಬೇಕು, ಒಳಗೆ ಒತ್ತಬಾರದು. ಬೆನ್ನ ಹಿಂದೆ ಟೇಪ್ ಜಾರಿರುತ್ತದೆ, ಸುತ್ತ ಹೋಗಿ ನೋಡಲೇಬೇಕು. ಹಿಂಭಾಗಕ್ಕಾದರೆ ಅತಿ ಅಗಲ ಇರುವ ಕಡೆ. ಅಮೆರಿಕದ ಸೇನೆಯಲ್ಲಿ ಗಂಡಸರಿಗೆ ಕುತ್ತಿಗೆ ಮತ್ತು ಹೊಟ್ಟೆ ಅಳೆದು ಕೊಬ್ಬಿನ ಶೇಕಡಾವಾರು ತೆಗೆಯುತ್ತಿದ್ದರು. 2023ರಲ್ಲಿ ಕುತ್ತಿಗೆ ಬಿಟ್ಟು ಹೊಕ್ಕುಳ ಮಟ್ಟದ ಒಂದೇ ಸುತ್ತಿಗೆ ಬಂದರು. ಒಳ್ಳೇದೇ ಮಾಡಿದರು ಅನ್ನಿಸುತ್ತದೆ. ಅಳೆಯುವ ಜಾಗ ಕಡಿಮೆ ಆದಷ್ಟೂ ವಾದ ಕಡಿಮೆ.

ಎಂಐ ರೂಮಿನ ಕಥೆಯೇ ಬೇರೆ. ಜವಾನನಿಗೆ ವರ್ಷಕ್ಕೆ ಎರಡು ತಿಂಗಳು ರಜೆ. ಊರಲ್ಲಿ ಮದುವೆ, ಜಾತ್ರೆ, ಅಮ್ಮನ ಕೈಯ ಹೋಳಿಗೆ. ವಾಪಸ್ ಬಂದಾಗ ಬೆಲ್ಟಿನ ತೂತೇ ಹೇಳುತ್ತದೆ. ತೂಕ ಕೈಮೀರಿದರೆ ಮೆಡಿಕಲ್ ಕೆಟಗರಿ ಇಳಿಯುತ್ತದೆ, ಶೇಪ್ ಒನ್ ಅನ್ನೋ ಪೂರ್ತಿ ಫಿಟ್ ದರ್ಜೆ ಹೋದರೆ ಪ್ರಮೋಷನ್‌ಗೂ ಕುತ್ತು. ನಮ್ಮ ಕಡೆಯ ಸುಬೇದಾರರೊಬ್ಬರು ಪ್ರತಿ ಸಲವೂ ಮೆಲ್ಲಗೆ ಹೇಳೋರು, "ತಮ್ಮಾ, ಸ್ವಲ್ಪ ಬಿಗಿಯಾಗಿ ಎಳಿಯೋ."

"ಎಳೀತೀನಿ ಸಾಹೇಬ್ರೇ, ಆದ್ರೆ ಹೊಟ್ಟೆ ಎಲ್ಲಿ ಹೋಗ್ಬೇಕು?"

ಅವರೂ ನಗೋರು. ಬರೆಯುವಾಗ ಮಾತ್ರ ಬಂದ ಅಂಕಿಯನ್ನೇ ಬರೆಯುತ್ತಿದ್ದೆ. ಒಬ್ಬರಿಗೆ ಬಿಗಿ ಎಳೆದರೆ ನಾಳೆ ಸಾಲಿನಲ್ಲಿರುವ ಎಲ್ಲರಿಗೂ ಎಳೆಯಬೇಕು, ಅಲ್ವಾ?

ಮೆಡಿಕಲ್‌ಗೆ ಹೋಗುವವರಿಗೆ ಒಂದು ಮಾತು. ಹಿಂದಿನ ದಿನ ನೀರು ಬಿಟ್ಟು, ಊಟ ಬಿಟ್ಟು ತೂಕ ಇಳಿಸಬೇಡಿ. ಯಂತ್ರದ ಮೇಲೆ ಒಂದೆರಡು ಕೆಜಿ ಕಡಿಮೆ ಕಾಣಬಹುದು. ಆದರೆ ಮೂತ್ರ ಕಡುಹಳದಿ, ನಾಡಿ ಓಟ ಕಿತ್ತಿರುತ್ತದೆ, ಬೇರೆ ಕೋಣೆಯಲ್ಲಿ ಸಿಕ್ಕಿಬೀಳುತ್ತೀರಿ. ತೂಕ ಕಡಿಮೆ ಇರುವವರು ಡಜನ್ ಬಾಳೆಹಣ್ಣು ತಿಂದು, ಹೊಟ್ಟೆ ತುಂಬ ನೀರು ಕುಡಿದು ಬರೋದೂ ಅದೇ ಕಥೆ. ತಿಂಗಳುಗಳ ಮುಂಚೆಯೇ ಶುರು ಮಾಡಿ. ಕುಸ್ತಿ ಆಡಿದವರು ಜಿಲ್ಲೆ, ರಾಜ್ಯ ಮಟ್ಟದ ಸರ್ಟಿಫಿಕೇಟಿನ ಮೂಲ ಪ್ರತಿ ಕೈಯಲ್ಲೇ ಇಟ್ಟುಕೊಳ್ಳಿ. ಅನ್‌ಫಿಟ್ ಅಂತ ಬಂದರೆ ಅಪೀಲ್ ಮೆಡಿಕಲ್ ಬೋರ್ಡ್ ಇದೆ, ಅಲ್ಲಿ ಮತ್ತೆ ಅಳೆಯುತ್ತಾರೆ. ಆ ಕಾಗದ ಅಲ್ಲಿಗೂ ಬೇಕು.